ತೂಕವಿಲ್ಲದ ಲೋಕಕ್ಕೆ ಹೋಗಿ ಬಂದ ಧಾರವಾಡದ ಕಾಳು

ಮಿರಜ ತಾಲೂಕಿನ ಪೂರ್ವ ಅಂಚಿನಲ್ಲಿರುವ ನಮ್ಮ ಸಲಗರೆ ದೊಡ್ಡ ಊರೇನಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಬೀಗತನ ಅಥಣಿ, ಕಾಗವಾಡ, ಶೇಡಬಾಳದ ಕಡೆಗೆ; ವ್ಯಾಪಾರ ಮಿರಜ, ಸಾಂಗಲಿಯ ಕಡೆಗೆ. ಕೃಷ್ಣಾ ನದಿ ದೂರ ತಗ್ಗಿನಲ್ಲಿ ಹರಿಯುತ್ತದೆ. ನಮ್ಮದು ಏರು ನೆಲ, ಮಳೆಯೂ ಕಡಿಮೆ. ಮ್ಹೈಸಾಳ ಏತ ನೀರಾವರಿ ಯೋಜನೆಯಲ್ಲಿ ಅದೇ ಕೃಷ್ಣೆಯ ನೀರನ್ನು ಪಂಪು ಹಚ್ಚಿ ಹಂತ ಹಂತವಾಗಿ ಮೇಲಕ್ಕೆತ್ತಿ ಮಿರಜ ಪೂರ್ವ ಭಾಗಕ್ಕೆ, ಕವಠೆ ಮಹಾಂಕಾಳಕ್ಕೆ, ಜತ್ತದ ಕಡೆಗೆ ಬಿಡುತ್ತಾರೆ. ನೀರು ಬಂದರೆ ದ್ರಾಕ್ಷಿ, ಬಾರದಿದ್ದರೆ ಜೋಳ ಎಂಬುದು ನಮ್ಮ ಭಾಗದ ರೈತರ ಲೆಕ್ಕ. ನೀರಿಗೂ ತೂಕವಿದೆ, ಎತ್ತಿದಷ್ಟಕ್ಕೂ ಕರೆಂಟಿನ ಬಿಲ್ಲು ಕಟ್ಟಬೇಕು ಎಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮದು ಕಾಳುಕಡಿ ಮತ್ತು ಅರಿಸಿನದ ಅಡತಿ ವ್ಯಾಪಾರ. ಮೂರು ತಲೆಮಾರಿನಿಂದ ನಮ್ಮ ಮನೆಯ ಅನ್ನ ತಕ್ಕಡಿಯಿಂದ ಬಂದದ್ದು. ತಂದೆಯವರು ಸೇರು, ಮಣದ ಲೆಕ್ಕ ಬಿಟ್ಟು ಕಿಲೋಕ್ಕೆ ಬಂದರು. ನಾವು ಕಲ್ಲು ಹಾಕುವ ತಕ್ಕಡಿ ಬಿಟ್ಟು ಎಲೆಕ್ಟ್ರಾನಿಕ್ ಕಾಟಾಕ್ಕೆ ಬಂದೆವು. ಒಂದು ಗುಂಜಿ ಕಡಿಮೆ ತೂಗಬಾರದು, ಒಂದು ಗುಂಜಿ ಹೆಚ್ಚು ತಕ್ಕೊಳ್ಳಬಾರದು ಎಂಬುದೇ ಹಿರಿಯರು ಹಾಕಿಕೊಟ್ಟ ದಾರಿ. ಆದರೆ ತೂಕವೆಂದರೆ ಏನು ಎಂಬ ಪ್ರಶ್ನೆಯನ್ನು ನಮ್ಮ ಅಂಗಡಿಯಲ್ಲಿ ಯಾವ ಗಿರಾಕಿಯೂ ಕೇಳಿರಲಿಲ್ಲ. ಅದನ್ನು ಕೇಳಿದವಳು ಹನ್ನೆರಡನೆಯ ಇಯತ್ತೆಯಲ್ಲಿ ವಿಜ್ಞಾನ ಓದುತ್ತಿರುವ ನಮ್ಮ ಮೊಮ್ಮಗಳು.

2025 ರ ಜೂನ್ 25 ರಂದು ನಮ್ಮ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಅಮೇರಿಕೆಯ ಫ್ಲಾರಿಡಾದಿಂದ ರಾಕೆಟ್ ಏರಿ, ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ತಲುಪಿದರು. ಜುಲೈ 15 ರಂದು ಸುಖರೂಪವಾಗಿ ಭೂಮಿಗೆ ಮರಳಿದರು. 1984 ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಹೋಗಿ ಬಂದ ಬಳಿಕ, 41 ವರ್ಷಕ್ಕೆ, ನಮ್ಮ ದೇಶದ ಎರಡನೆಯವರು ಹೀಗೆ ಹೋದದ್ದು. ಇಷ್ಟನ್ನು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದೀರಿ. ಅವರ ಜೊತೆಗೆ ಧಾರವಾಡದ ಹೆಸರುಕಾಳು ಮತ್ತು ಮೆಂತೆಕಾಳು ಸಹ ಹೋಗಿ ಬಂದವು ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಕಾಳಿನ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಹೇಗಿದ್ದರೂ ಮೊಮ್ಮಗಳು ಮುಂದೆ ಕೃಷಿ ವಿಜ್ಞಾನವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಳು. ಸಾಂಗಲಿಯಲ್ಲೇ ಕಾಮರ್ಸ್ ಓದಿ ಅಂಗಡಿಯ ಲೆಕ್ಕ ನೋಡಲಿ ಎಂಬುದು ಅವಳ ತಂದೆಯ ವಿಚಾರ. ಕಣ್ಣಿನಿಂದ ನೋಡಿ ತೀರ್ಮಾನಿಸೋಣವೆಂದು ಸೆಪ್ಟೆಂಬರ್ ತಿಂಗಳ ಧಾರವಾಡ ಕೃಷಿ ಮೇಳಕ್ಕೆ ನಾವು, ನಮ್ಮ ಮನೆಯವರು ಮತ್ತು ಮೊಮ್ಮಗಳು, ಹೀಗೆ ಮೂವರು ಹೊರಟೆವು.

ರೈಲಿನಲ್ಲಿ ಆದ ಪಾಠ

ಮಿರಜದಲ್ಲಿ ಬೆಳಗಿನ ರೈಲು ಹತ್ತಿದರೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಘಟಪ್ರಭಾ ದಾಟಿ ಬೆಳಗಾವಿ. ಅಲ್ಲಿಂದ ಮುಂದೆ ಖಾನಾಪುರ, ಲೋಂಡಾದ ಹಸಿರು ಕಾಡು ನೋಡುತ್ತ ಅಳ್ನಾವರದ ಮೇಲಿಂದ ಧಾರವಾಡ ಬರುತ್ತದೆ. ಕುಡಚಿಯ ಹತ್ತಿರ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುವಷ್ಟರಲ್ಲಿ ಮೊಮ್ಮಗಳ ಪಾಠ ಶುರುವಾಯಿತು.

"ಅಜ್ಜಾ, ಬಾಹ್ಯಾಕಾಶದಾಗ ತೂಕ ಯಾಕ ಇರೂದಿಲ್ಲ ಹೇಳ್ರಿ ನೋಡೂಣು" ಎಂದಳು.

"ಭೂಮಿಯಿಂದ ಭಾಳ ದೂರ ಹೋಗ್ತಾರಲ್ಲ, ಎಳೆಯುವ ಶಕ್ತಿ ಮುಟ್ಟೂದಿಲ್ಲ" ಎಂದರು ನಮ್ಮ ಮನೆಯವರು. ಎದುರಿನ ಸೀಟಿನ ಇಬ್ಬರು ಪ್ರಯಾಣಿಕರೂ ಹೌದೆಂದು ತಲೆದೂಗಿದರು.

ಅದು ಹಾಗಲ್ಲವಂತೆ. ನಿಲ್ದಾಣವಿರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ನೆಲದ ಮೇಲೆ ಹಾಸಿದರೆ ಮಿರಜದಿಂದ ಪುಣೆ ದಾಟಿ ಇನ್ನೂ ಸಾಕಷ್ಟು ಮುಂದೆ ಹೋದಷ್ಟು ದಾರಿ. ಅಲ್ಲಿಯೂ ಭೂಮಿಯ ಸೆಳೆತ ಇಲ್ಲಿನ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇದೆ. ಹಾಗಾದರೆ ಮನುಷ್ಯ ತೇಲುವುದೇಕೆ? ನಿಲ್ದಾಣ, ಅದರೊಳಗಿನ ಮನುಷ್ಯ, ಅವನ ಕೈಯಲ್ಲಿನ ಚಮಚೆ ಎಲ್ಲವೂ ಒಟ್ಟಿಗೆ ಬೀಳುತ್ತಿವೆ, ಅದಕ್ಕೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಓಡುತ್ತಲೇ ಬೀಳುವುದರಿಂದ, ದುಂಡಗಿನ ಭೂಮಿ ಅಷ್ಟೇ ಕೆಳಗೆ ಬಾಗುತ್ತ ಹೋಗಿ, ಬೀಳುವುದು ಮುಗಿಯುವುದೇ ಇಲ್ಲ.

ನಮಗೆ ಕೂಡಲೇ ಹಿಡಿಸಲಿಲ್ಲ. ಆಗ ಅವಳು ನಮ್ಮ ಭಾಷೆಯಲ್ಲೇ ಹೇಳಿದಳು. "ಕಾಟಾದ ಮ್ಯಾಲೆ 50 ಕಿಲೋ ಚೀಲ ಇಟ್ಟು, ಚೀಲಾ ಕಾಟಾ ಎರಡನ್ನೂ ಕೂಡೇ ಮ್ಯಾಲಿಂದ ಬಿಟ್ಟರ, ಬೀಳೂ ಹೊತ್ತಿನಾಗ ಕಾಟಾ ಎಷ್ಟು ತೋರಸ್ತದ?" ಚೀಲ ಕಾಟಾವನ್ನು ಒತ್ತಲಾರದು, ಏಕೆಂದರೆ ಕಾಟಾ ಸಹ ಅದರಷ್ಟೇ ವೇಗದಲ್ಲಿ ಕೆಳಗೆ ಓಡುತ್ತಿದೆ. ತೋರಿಸುವುದು ಸೊನ್ನೆ. ಚೀಲದಲ್ಲಿನ ಮಾಲು ಒಂದು ಕಾಳೂ ಕಡಿಮೆಯಾಗಿಲ್ಲ. ತೂಕ ಮಾತ್ರ ಹೋಗಿದೆ. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತವರಿಗೆ ಮಾಲು ಬೇರೆ, ತೂಕ ಬೇರೆ ಎಂಬುದು ರಾಯಬಾಗ ಸ್ಟೇಶನ್ನಿನಲ್ಲಿ ತಿಳಿಯಿತು!

ಹಾಗಿದ್ದರೆ ಅಲ್ಲಿ ತೂಗುವುದು ಹೇಗೆ ಎಂದು ಕೇಳದೆ ಇರಲಾಗಲಿಲ್ಲ. ಅಲ್ಲಿ ಕಲ್ಲಿನ ತಕ್ಕಡಿಯೂ ನಡೆಯದು, ನಮ್ಮ ಕಾಟಾವೂ ನಡೆಯದು. ಮನುಷ್ಯನನ್ನು ಗೊತ್ತಾದ ಬಲದ ಸ್ಪ್ರಿಂಗಿನಿಂದ ಜಗ್ಗಿ, ಎಷ್ಟು ಬೇಗ ಸರಿದು ಬರುತ್ತಾನೆಂದು ಅಳೆಯುತ್ತಾರೆ. ಮಾಲು ಹೆಚ್ಚಿದ್ದರೆ ಸಾವಕಾಶ ಸರಿಯುತ್ತದೆ, ಕಡಿಮೆಯಿದ್ದರೆ ಬೇಗ. ನಮ್ಮ ಹಮಾಲರು ಚೀಲವನ್ನು ಕೊಕ್ಕೆಯಿಂದ ಒಮ್ಮೆ ಜಗ್ಗಿ ನೋಡಿ ಇಷ್ಟು ಕಿಲೋ ಎಂದು ಹೇಳುವುದೂ ಇದೇ ಲೆಕ್ಕವೇ ಅಲ್ಲವೆ!

ವಿಮಾನದಲ್ಲಿ 22 ಸೆಕೆಂಡಿನ ಸ್ವರ್ಗ

ತೂಕವಿಲ್ಲದ ಸ್ಥಿತಿಯನ್ನು ಅನುಭವಿಸಲು ರಾಕೆಟ್ಟೇ ಬೇಕೆಂದಿಲ್ಲ. ನಮ್ಮ ಕಡೆಯ ದೊಡ್ಡ ಬಾವಿಗಳಿಗೆ 20 ಅಡಿ ಮೇಲಿಂದ ಜಿಗಿದು ಈಜು ಕಲಿತವರೆಲ್ಲ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಅದನ್ನು ಅನುಭವಿಸಿದವರೇ. ಜಾತ್ರೆಯ ದೊಡ್ಡ ತೊಟ್ಟಿಲು ಮೇಲಿಂದ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತೆ ಆಗುವುದು ಅದರದೇ ಸಣ್ಣ ರುಚಿ. ಬಾವಿಯ ಆ ಒಂದು ಸೆಕೆಂಡನ್ನು ಇಪ್ಪತ್ತು, ಇಪ್ಪತ್ತೆರಡು ಸೆಕೆಂಡಿಗೆ ಬೆಳೆಸಿದರೆ ಅದೇ ತೂಕವಿಲ್ಲದ ವಿಮಾನ.

ಇದರ ಉಪಾಯವನ್ನು 1950 ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೇರಿಕೆಗೆ ಹೋದ ಫ್ರಿಟ್ಜ್ ಮತ್ತು ಹೈನ್ಜ್ ಹಾಬರ್ ಎಂಬ ಅಣ್ಣತಮ್ಮಂದಿರು ಸೂಚಿಸಿದರು. ನಾವು ಎಸೆದ ಕಲ್ಲು ಗಾಳಿಯಲ್ಲಿ ಯಾವ ಬಿಲ್ಲಿನಂಥ ದಾರಿಯಲ್ಲಿ ಏರಿ ಇಳಿಯುತ್ತದೆಯೋ ಅದೇ ದಾರಿಯಲ್ಲಿ ವಿಮಾನವನ್ನು ನಡೆಸುವುದೇ ಆ ಉಪಾಯ. ಫ್ರಾನ್ಸಿನ ಬೋರ್ಡೋ ನಗರದಿಂದ ಹಾರುವ ಏರ್‌ಬಸ್ ವಿಮಾನದ ಪದ್ಧತಿ ಹೀಗಿದೆ. ಮೊದಲು ವಿಮಾನ ಮೂಗನ್ನು ಮೇಲೆತ್ತಿ ಸುಮಾರು 20 ಸೆಕೆಂಡು ಕಡಿದಾಗಿ ಏರುತ್ತದೆ. ಆಗ ಒಳಗಿನವರ ತೂಕ ಹೆಚ್ಚುಕಡಿಮೆ 1.8 ಪಟ್ಟು ಆಗುತ್ತದೆ. 60 ಕಿಲೋದ ಮನುಷ್ಯನಿಗೆ 108 ಕಿಲೋ ಆದಂತೆ, ಕೈ ಎತ್ತಲೂ ಶ್ರಮ. ಆಮೇಲೆ ಪೈಲಟ್ ಎಂಜಿನ್ನಿನ ಬಲವನ್ನು ಗಾಳಿಯ ತಡೆಗೆ ಸರಿಯಾಗುವಷ್ಟಕ್ಕೆ ಮಾತ್ರ ಇಳಿಸುತ್ತಾರೆ. ಆ ಕ್ಷಣದಿಂದ ವಿಮಾನವು ಎಸೆದ ಕಲ್ಲಿನಂತೆ. ಅರ್ಧ ಹೊತ್ತು ಏರು, ಅರ್ಧ ಹೊತ್ತು ಇಳಿತ, ಒಟ್ಟು 22 ಸೆಕೆಂಡು ಒಳಗಿನವರು ನೆಲ ಬಿಟ್ಟು ತೇಲುತ್ತಾರೆ. ಇಳಿತದ 11 ಸೆಕೆಂಡಿನಲ್ಲಿ ವಿಮಾನ ಸುಮಾರು 600 ಮೀಟರ್ ಕೆಳಗೆ ಬಂದಿರುತ್ತದೆ. ಕೂಡಲೇ ಮೂಗೆತ್ತಿ ಸಮಕ್ಕೆ ತರುತ್ತಾರೆ, ಮತ್ತೆ 1.8 ಪಟ್ಟು ತೂಕ. ವಿಜ್ಞಾನಿಗಳ ಒಂದು ಹಾರಾಟದಲ್ಲಿ ಹೀಗೆ 31 ಸಲ ಮಾಡುತ್ತಾರೆ. ಎಲ್ಲ ಕೂಡಿಸಿದರೆ ತೂಕವಿಲ್ಲದ ಹೊತ್ತು ಹನ್ನೊಂದು ನಿಮಿಷ ಚಿಲ್ಲರೆ. ಅದಕ್ಕಾಗಿ ಅರವತ್ತೆರಡು ಸಲ ಹೆಚ್ಚು ತೂಕ ಹೊರಬೇಕು! ವ್ಯಾಪಾರಿಯ ಕಣ್ಣಿಗೆ ಇದು ಲಾಭಕ್ಕಿಂತ ಹಮಾಲಿಯೇ ಹೆಚ್ಚು.

ಮೊಮ್ಮಗಳು ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಳು. ಗೋಡೆ, ನೆಲ, ಚಾವಣಿಗೆಲ್ಲ ಮೆತ್ತೆ ಬಡಿದಿದ್ದಾರೆ. ಕೆಲವರು ಚಿಕ್ಕ ಮಕ್ಕಳಂತೆ ನಗುತ್ತಾರೆ, ಕೆಲವರು ಕಾಗದದ ಚೀಲ ಹಿಡಿದು ವಾಂತಿ ಮಾಡುತ್ತಾರೆ. ಅಮೇರಿಕೆಯ ನಾಸಾದವರ ಇಂಥ ವಿಮಾನಕ್ಕೆ ಅದಕ್ಕೇ 'ವಾಂತಿಯ ಧೂಮಕೇತು' ಎಂಬ ಅಡ್ಡಹೆಸರು ಬಿದ್ದಿತ್ತು. ಅಲ್ಲಿಯ ಖಾಸಗಿ ಕಂಪನಿಯೊಂದು 2004 ರಿಂದ ದುಡ್ಡು ಕೊಟ್ಟವರನ್ನೂ ಕರೆದೊಯ್ಯುತ್ತದೆ. ತಲೆಗೆ ಹಲವು ಸಾವಿರ ಡಾಲರ್. 2007 ರ ಏಪ್ರಿಲ್ 26 ರಂದು ಪ್ರಖ್ಯಾತ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ತಮ್ಮ 65ನೆಯ ವಯಸ್ಸಿನಲ್ಲಿ ಹೀಗೆ ಹಾರಿದರು. ದಶಕಗಳಿಂದ ಗಾಲಿಕುರ್ಚಿ ಬಿಟ್ಟು ಕದಲಲಾರದಿದ್ದ ಆ ಮನುಷ್ಯ ಗಾಳಿಯಲ್ಲಿ ತೇಲುತ್ತ ಮುಗುಳ್ನಗುವ ಚಿತ್ರವನ್ನು ನಮ್ಮ ಮನೆಯವರು ಬಹಳ ಹೊತ್ತು ನೋಡಿದರು. ಕಣ್ಣು ಒದ್ದೆಯಾದವು.

ನಮ್ಮ ದೇಶದ ಗಗನಯಾನ ಯೋಜನೆಗೆ ಆರಿಸಿದ ನಾಲ್ವರು ವಾಯುಪಡೆಯ ಅಧಿಕಾರಿಗಳೂ ಇಂಥ ವಿಮಾನದಲ್ಲೇ ಮೊದಲ ಸಲ ತೇಲುವುದನ್ನು ಕಲಿತರು. 2020 ರ ಫೆಬ್ರವರಿಯಿಂದ 2021 ರ ಮಾರ್ಚ್‌ವರೆಗೆ ರಶಿಯಾದಲ್ಲಿ ನಡೆದ ತರಬೇತಿಯಲ್ಲಿ ಇಲ್ಯೂಶಿನ್-76 ಎಂಬ ದೊಡ್ಡ ವಿಮಾನದಲ್ಲಿ ಅವರಿಗೆ ಈ ಅಭ್ಯಾಸ ಮಾಡಿಸಿದರು. ಶುಕ್ಲಾ ಅವರು ಆ ನಾಲ್ವರಲ್ಲಿ ಒಬ್ಬರು. ಇನ್ನುಳಿದವರು ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್ ಮತ್ತು ಅಂಗದ್ ಪ್ರತಾಪ್. ಆ ಬಳಿಕ ಬೆಂಗಳೂರಿನಲ್ಲಿ ಅವರ ತರಬೇತಿ ಮುಂದುವರಿಯಿತು.

ಯತ್ತಿನಗುಡ್ಡದಲ್ಲಿ

ಧಾರವಾಡದಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಕೃಷಿ ವಿಶ್ವವಿದ್ಯಾಲಯ ಊರಿನ ಹೊರಗೆ ಯತ್ತಿನಗುಡ್ಡದಲ್ಲಿದೆ. 1947 ರಲ್ಲಿ ಶುರುವಾದ ಕೃಷಿ ಕಾಲೇಜು 1986 ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಪ್ರತಿ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆಯುವ ಕೃಷಿ ಮೇಳಕ್ಕೆ ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ರೈತರು ಬರುತ್ತಾರೆ. ಗಡಿ ದಾಟಿ ನಮ್ಮ ಸಾಂಗಲಿ, ಕೊಲ್ಹಾಪುರದ ಕಡೆಯವರೂ ಸಾಕಷ್ಟು ಕಂಡರು. ಹಿಂಗಾರಿ ಬೀಜ ಕೊಳ್ಳುವ ಸಾಲು ಎಲ್ಲಕ್ಕಿಂತ ಉದ್ದ. ಚೀಲ ಹೊತ್ತ ರೈತರು, ಟ್ರ್ಯಾಕ್ಟರಿನ ಮಳಿಗೆಗಳು, ಮಿರ್ಚಿ ಭಜಿಯ ವಾಸನೆ; ನಡುವೆ ಕೈಯಲ್ಲಿ ವಹಿ ಹಿಡಿದು ಓಡಾಡುವ ಕಾಲೇಜಿನ ಹುಡುಗಿಯರು. ಮೊಮ್ಮಗಳ ಕಣ್ಣು ಬೀಜಕ್ಕಿಂತ ಆ ಹುಡುಗಿಯರ ಮೇಲೆಯೇ ಹೆಚ್ಚು ಇತ್ತು.

ಈ ವಿಶ್ವವಿದ್ಯಾಲಯದ ವಿಜ್ಞಾನಿ ಡಾ. ರವಿಕುಮಾರ ಹೊಸಮನಿ ಅವರೂ, ಧಾರವಾಡದ ಐಐಟಿಯ ಡಾ. ಸುಧೀರ್ ಸಿದ್ದಾಪುರೆಡ್ಡಿ ಅವರೂ ಕೂಡಿ ಆ ಕಾಳುಗಳ ಪ್ರಯೋಗವನ್ನು ಸಿದ್ಧಪಡಿಸಿದವರು. ಒಣಕಾಳುಗಳನ್ನೇ ಕಳಿಸಿದ್ದರು. ಮೇಲೆ ಹೋದ ಮೇಲೆ ಶುಕ್ಲಾ ಅವರು ಅವುಗಳಿಗೆ ನೀರುಣಿಸಿದರು. ಕೆಲವು ದಿನಗಳಲ್ಲಿ ಮೊಳಕೆ ಒಡೆದವು. ಆ ಮೊಳಕೆಗಳನ್ನು ಅತಿ ತಂಪಿನ ಪೆಟ್ಟಿಗೆಯಲ್ಲಿಟ್ಟು, ಕೆಡದಂತೆ ಭೂಮಿಗೆ ತಂದರು. ತೂಕವಿಲ್ಲದಲ್ಲಿ ಮೊಳೆತ ಕಾಳಿನ ಸತ್ವ ಹೆಚ್ಚಿತೋ ಕಡಿಮೆಯಾಯಿತೋ, ಅದರ ಮೇಲಿನ ಸೂಕ್ಷ್ಮಜೀವಿಗಳು ಏನಾದವು ಎಂಬುದನ್ನು ಪರೀಕ್ಷಿಸುವುದು ಉದ್ದೇಶ. ಮುಂದೆ ತಿಂಗಳುಗಟ್ಟಲೆ ಮೇಲಿರುವವರಿಗೆ ತಾಜಾ ಆಹಾರ ಬೇಕಲ್ಲ? ಮಣ್ಣು ಬೇಡ, ಗೊಬ್ಬರ ಬೇಡ, ಒಂದು ಹಿಡಿ ಕಾಳು ಮತ್ತು ನೀರು ಇದ್ದರೆ ಮೊಳಕೆ ತಯಾರು. ಅದಕ್ಕೇ ಹೆಸರು, ಮೆಂತೆ. ಮೊಳಕೆ ಕಾಳಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನೇಮಗಳಿರುವುದು ಎಲ್ಲರಿಗೂ ಗೊತ್ತು. ಅದು ಬೇರೆ ಮಾತು.

ಮೊಳಕೆ ಕಾಳಿನ ಬೇರು ಕೆಳಗೇ ಏಕೆ ಹೋಗುತ್ತದೆ, ಕುಡಿ ಮೇಲೇ ಏಕೆ ಏಳುತ್ತದೆ? ಕಾಳನ್ನು ಹೇಗೆ ಬಿತ್ತಿದರೂ, ತಲೆಕೆಳಗಾಗಿ ಬಿದ್ದರೂ, ಬೇರು ದಾರಿ ತಪ್ಪುವುದಿಲ್ಲ. ಜೀವಮಾನವೆಲ್ಲ ಕಾಳು ಮಾರಿದರೂ ಇದನ್ನು ನಾವು ವಿಚಾರಿಸಿ ನೋಡಿರಲಿಲ್ಲ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ, ಅಂದರೆ ಹಿಟ್ಟಿನ, ಅತಿ ಸಣ್ಣ ಹರಳುಗಳಿವೆಯಂತೆ. ಅವು ತಮ್ಮ ತೂಕದಿಂದ ಕೋಶದ ತಳಕ್ಕೆ ಕುಳಿತುಕೊಳ್ಳುತ್ತವೆ. ಅವು ಯಾವ ಕಡೆ ಕುಳಿತವೋ ಅದೇ ಕೆಳಗು ಎಂದು ಬೇರಿಗೆ ತಿಳಿಯುತ್ತದೆ. ಎಂದರೆ ಒಂದೊಂದು ಹೆಸರುಕಾಳಿನ ಬೇರಿನ ತುದಿಯಲ್ಲೂ ಪ್ರಕೃತಿ ಒಂದೊಂದು ತಕ್ಕಡಿ ಇಟ್ಟಿದೆ, ಅದರೊಳಗೆ ಕಲ್ಲನ್ನೂ ಇಟ್ಟಿದೆ. ತೂಕವಿಲ್ಲದ ಕಡೆ ಆ ಹರಳುಗಳು ತಳ ಸೇರುವುದಿಲ್ಲ. ಬೇರಿಗೆ ದಿಕ್ಕು ತಿಳಿಯದೆ ಮನಬಂದತ್ತ ಚಾಚುತ್ತದೆ. ನೀರು, ಬೆಳಕು ಇದ್ದಲ್ಲಿ ಅದನ್ನೇ ಆಧಾರ ಮಾಡಿಕೊಳ್ಳುತ್ತದೆ. ಇದನ್ನು ಕೇಳಿ ನಾವು ಮೇಳದ ಗದ್ದಲದಲ್ಲೂ ಒಂದು ಗಳಿಗೆ ಸುಮ್ಮನೆ ನಿಂತೆವು. ನಾವು ತಕ್ಕಡಿ ಹಿಡಿಯುವುದಕ್ಕೂ ಎಷ್ಟೋ ಮೊದಲು ಕಾಳೇ ತಕ್ಕಡಿ ಹಿಡಿದಿತ್ತು.

ತೂಕ ಹೋದರೆ ಎಲುಬೂ ಹೋಗುತ್ತದೆ

ತೇಲುವುದೆಂದರೆ ಸುಖವೆಂದು ತೋರುತ್ತದೆ. ಮೊಣಕಾಲು ನೋವಿಲ್ಲ, ಬೆನ್ನಿಗೆ ಭಾರವಿಲ್ಲ. ಆದರೆ ಅದರ ಬೆಲೆಯನ್ನು ಕೇಳಬೇಕು. ತೂಕ ಹೊರುವ ಕೆಲಸ ತಪ್ಪಿದರೆ ಎಲುಬು ತನ್ನ ಸತ್ವವನ್ನು ಬಿಟ್ಟುಕೊಡುತ್ತದೆ. ಸೊಂಟ, ತೊಡೆಯಂಥ ಭಾರ ಹೊರುವ ಎಲುಬುಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸವೆಯುತ್ತವೆ. ಮಾಂಸಖಂಡಗಳೂ ಸೊರಗುತ್ತವೆ. ಅದಕ್ಕೆಂದೇ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇರುವವರು ದಿನಾಲೂ ಸುಮಾರು ಎರಡು ತಾಸು ವ್ಯಾಯಾಮ ಮಾಡುತ್ತಾರೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯವರು ಮಾಂಸಖಂಡ ಹೀಗೆ ಸೊರಗುವುದನ್ನು ತಿಳಿಯಲು ಇದೇ ಯಾತ್ರೆಯಲ್ಲಿ ತಮ್ಮ ಪ್ರಯೋಗವನ್ನು ಕಳಿಸಿದ್ದರು. ಅದರಿಂದ ತಿಳಿದುಬರುವುದು ಹಾಸಿಗೆ ಹಿಡಿದ ಮುದುಕರಿಗೂ ಉಪಯೋಗವಾದೀತೆಂಬ ಆಸೆ ಇದೆ.

ಈ ಮಾತು ನಮ್ಮ ಮನೆಗೇ ತಟ್ಟಿತು. ಎಲುಬು ಸವೆದಿದೆ, ದಿನಾಲೂ ನಡೆಯಬೇಕು ಎಂದು ಡಾಕ್ಟರು ವರ್ಷದ ಹಿಂದೆಯೇ ನಮ್ಮ ಮನೆಯವರಿಗೆ ಹೇಳಿದ್ದರು. ಮಕ್ಕಳು, ಸೊಸೆಯಂದಿರು ಪ್ರೀತಿಯಿಂದ ಕೈಗೆ ಕೆಲಸ ಕೊಡದೆ ಕೂಡಿಸಿಟ್ಟಿದ್ದರು. ಮೊಮ್ಮಗಳು "ಅಜ್ಜೀ, ನಾವು ನಿಮ್ಮನ್ನ ಮನ್ಯಾಗನ ಬಾಹ್ಯಾಕಾಶಕ್ಕ ಕಳಿಸೇವಿ" ಎಂದಳು. ನಕ್ಕೆವು, ಆದರೆ ಮಾತು ಸುಳ್ಳಲ್ಲ. ಆ ದಿನ ಮೇಳದ ಮೈದಾನವನ್ನು ಅವರು ಎರಡು ಸುತ್ತು ನಡೆದೇ ನೋಡಿದರು. ಊರಿಗೆ ಬಂದ ಮೇಲೂ ಬೆಳಗಿನ ಬಸದಿಯ ದರ್ಶನಕ್ಕೆ ಸ್ಕೂಟರ್ ಬಿಟ್ಟು ನಡೆದೇ ಹೋಗುತ್ತಿದ್ದಾರೆ.

ತೂಕಕ್ಕೆ ಮರಳುವುದೂ ಸುಲಭವಲ್ಲ. ಶುಕ್ಲಾ ಅವರು ಮರಳಿದ ಬಳಿಕ ಒಮ್ಮೆ ಲ್ಯಾಪ್‌ಟಾಪನ್ನು ಹಾಸಿಗೆಯ ಪಕ್ಕದಲ್ಲಿ ಗಾಳಿಯಲ್ಲೇ ಬಿಟ್ಟರಂತೆ, ಅಲ್ಲೇ ತೇಲುತ್ತದೆಂಬ ರೂಢಿಯಿಂದ. ಕೆಳಗೆ ಜಮಖಾನೆ ಇದ್ದುದರಿಂದ ಅದು ಉಳಿಯಿತು. ಮೊಬೈಲ್ ಹಿಡಿದರೂ ಭಾರವೆನಿಸಿತ್ತೆಂದು ಅವರು ಹೇಳಿದ್ದಾರೆ.

ಮನೆಯ ಹೆಂಗಸರ ಎರಡು ಪ್ರಶ್ನೆ

ಊರಿಗೆ ಮರಳಿ ಈ ಸುದ್ದಿ ಹೇಳಿದಾಗ ಸೊಸೆಯಂದಿರು ಕೇಳಿದ್ದು ಬೇರೆಯೇ. ಅವರು ಅಲ್ಲಿ ಊಟಕ್ಕೆ ಏನು ಒಯ್ದಿದ್ದರು? ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ ಮತ್ತು ಮಾವಿನ ರಸ. ಗಜ್ಜರಿ ನಮಗೆ ನಡೆಯದು, ಉಳಿದೆರಡು ನಡೆದಾವು ಎಂದು ಅಡುಗೆಮನೆಯಲ್ಲಿ ತೀರ್ಮಾನವಾಯಿತು. ಎರಡನೆಯ ಪ್ರಶ್ನೆ ಹೆಚ್ಚು ಕಠಿಣ. ನಿಲ್ದಾಣ ಒಂದೂವರೆ ತಾಸಿಗೆ ಒಮ್ಮೆ ಭೂಮಿಯನ್ನು ಸುತ್ತುವುದರಿಂದ ಅಲ್ಲಿ ಒಂದು ದಿನಕ್ಕೆ 16 ಸೂರ್ಯೋದಯ, 16 ಸೂರ್ಯಾಸ್ತ. ಹೊತ್ತು ಮುಳುಗುವ ಮೊದಲೇ ಉಣ್ಣುವ ನೇಮದವರು ಅಲ್ಲಿ ಯಾವಾಗ ಉಣ್ಣಬೇಕು? ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಪಂಡಿತರು ಯಾರಾದರೂ ಈ ಪತ್ರಿಕೆಗೇ ಬರೆದರೆ ಉಪಕಾರವಾದೀತು.

ನಮ್ಮ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ವಿಚಾರ. ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಮಣ್ಣಿನ ಲೇಪ ಕಳೆದ ಸೋರೆಬುರುಡೆ ನೀರಿನಿಂದ ಮೇಲೇಳುವ ದೃಷ್ಟಾಂತವಿದೆ. ವಿಮಾನದಲ್ಲಿ ತೇಲುವುದು ಅಂಥದಲ್ಲ. ಅಲ್ಲಿ ಲೇಪ ಹಾಗೆಯೇ ಇರುತ್ತದೆ, ಮಾಲೂ ಹಾಗೆಯೇ ಇರುತ್ತದೆ. ಎಲ್ಲರೂ ಒಟ್ಟಿಗೆ ಬೀಳುವುದರಿಂದ 22 ಸೆಕೆಂಡು ಭಾರ ತಿಳಿಯದು, ಅಷ್ಟೇ. 23ನೆಯ ಸೆಕೆಂಡಿಗೆ ಅದು ಸುಮಾರು ಎರಡು ಪಟ್ಟಾಗಿ ಮರಳುತ್ತದೆ. ಸಾಲ ಮಾಡಿ ವ್ಯಾಪಾರ ಹಿಗ್ಗಿಸುವ ನಮ್ಮ ಹುಡುಗರು ಈ ಲೆಕ್ಕವನ್ನು ಚೆನ್ನಾಗಿ ನೆನಪಿಡಬೇಕು. ಪೇಟೆಯೆಲ್ಲ ಒಟ್ಟಿಗೆ ಇಳಿಯುವಾಗ ಕೆಲವು ಕಾಲ ಯಾರಿಗೂ ಭಾರ ತಿಳಿಯುವುದಿಲ್ಲ.

ಧಾರವಾಡದಲ್ಲಿ ಪ್ರವೇಶದ ನಿಯಮಗಳನ್ನು, ವಸತಿಗೃಹದ ವ್ಯವಸ್ಥೆಯನ್ನು ವಿಚಾರಿಸಿಕೊಂಡು ಬಂದೆವು. ಮಗ ಎಲ್ಲ ಕೇಳಿಕೊಂಡು, ಕಾಳು ಮಾರುವ ಮನೆಯಲ್ಲಿ ಕಾಳಿನ ವಿಷಯ ತಿಳಿದವರು ಒಬ್ಬರಿದ್ದರೆ ನಷ್ಟವೇನಿಲ್ಲ, ಪರೀಕ್ಷೆಗಳನ್ನು ಬರೆಯಲಿ ಎಂದಿದ್ದಾನೆ. ಎಲ್ಲಿ ಸೀಟು ಸಿಗುತ್ತದೋ ಮುಂದೆ ನೋಡಬೇಕು. ನಮ್ಮ ಭಾಗದ ಬಂಧುಗಳು ಸೆಪ್ಟೆಂಬರ್‌ನಲ್ಲಿ ಒಮ್ಮೆ ಧಾರವಾಡ ಮೇಳಕ್ಕೆ ಮಕ್ಕಳು, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿಬರಬೇಕು. ಛತ್ರಿ ಮರೆಯಬಾರದು, ಮಧ್ಯಾಹ್ನದ ಡಬ್ಬಿ ಜೊತೆಗಿದ್ದರೆ ಲೇಸು, ಬರುವಾಗ ಪೇಢೆ ತರಬಹುದು. ಬೀಜದ ಸಾಲಿನಲ್ಲಿ ನಿಂತಾಗ ಒಂದು ಹೆಸರುಕಾಳನ್ನು ಅಂಗೈಯಲ್ಲಿಟ್ಟು ಮಕ್ಕಳಿಗೆ ತೋರಿಸಿರಿ. ಕೆಳಗು ಯಾವುದು, ಮೇಲು ಯಾವುದು ಎಂಬುದನ್ನು ಅದು ತಾನೇ ತೂಗಿ ತಿಳಿದುಕೊಳ್ಳುತ್ತದೆಂದು ಹೇಳಿರಿ.